ಬಿಟ್ಟ ಬಾಣ, ಬಿಟ್ಟ ಜಿಂಕೆ

ಈಚೆಗೆ ಒಂದು ಬೆಳಿಗ್ಗೆ ಕಾಚಿಗೂಡದ ನಮ್ಮ ಗಲ್ಲಿಯ ತಿರುವಿನಲ್ಲಿ ಎಮ್ಮೆಯೊಂದು ದಾರಿಗೆ ಅಡ್ಡ ನಿಂತಿತ್ತು. ಬೇರೆಯವರಾಗಿದ್ದರೆ ಹಾರ್ನ್ ಬಾರಿಸುತ್ತಿದ್ದರು. ನಾನು ಸ್ಕೂಟರ್ ನಿಲ್ಲಿಸಿ, ಕಾಲೂರಿ, ಕಣ್ಣು ಕಿರಿದು ಮಾಡಿ ಅದನ್ನೇ ನೋಡುತ್ತ ಕೂತೆ. ಪೂರಾ ಪಕ್ಕೆ ತೋರಿಸಿ ನಿಂತಿದೆ. ಈ ಕಡೆಯ ಮುಂಗಾಲು ಅರ್ಧ ಹೆಜ್ಜೆ ಮುಂದಿದೆ, ಆದ್ದರಿಂದ ಭುಜದ ಮೂಳೆ ಅಡ್ಡ ಬರುವುದಿಲ್ಲ. ತಲೆ ತಗ್ಗಿಸಿ ಯಾರದೋ ಮನೆಯ ಬಾಳೆಎಲೆ ಮೆಲ್ಲುತ್ತಿದೆ, ಅಂದರೆ ಗಾಬರಿಯಾಗಿಲ್ಲ. ಹಿಂದೆ ಇನ್ನೊಂದು ಎಮ್ಮೆ ಇಲ್ಲ. ‘ಹೊಡೆಯಬಹುದು’ ಎಂದು ನನ್ನಷ್ಟಕ್ಕೆ ನಾನೇ ಹೇಳಿಕೊಂಡೆ. ಎಮ್ಮೆಯ ಯಜಮಾನ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಅಷ್ಟಿಷ್ಟು ಕನ್ನಡ ಬರುತ್ತದೆ ಎನ್ನುವುದು ನನಗೆ ಮರೆತೇಹೋಗಿತ್ತು. ಈಗ ನನ್ನ ಸ್ಕೂಟರ್ ಕಂಡರೆ ಎಮ್ಮೆಯ ಹಗ್ಗ ಹಿಡಿದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತಾನೆ.

ಇದು ಒಂದೆರಡು ವರ್ಷಗಳಿಂದ ನನಗೆ ಅಂಟಿಕೊಂಡ ಚಟ. ನಿಂತ ಪ್ರಾಣಿ ಕಂಡರೆ ಸಾಕು, ಅದು ಹೇಗೆ ನಿಂತಿದೆ ಎಂದು ಕಣ್ಣು ಅಳೆಯತೊಡಗುತ್ತದೆ. ಮನುಷ್ಯರಿಗೂ ವಿನಾಯಿತಿ ಇಲ್ಲ. ಹೋದ ತಿಂಗಳು ಒಂದು ಮದುವೆಯಲ್ಲಿ ಹುಡುಗಿಯ ಕಡೆಯ ಹಿರಿಯರೊಬ್ಬರು ಜಿಲೇಬಿ ಎಲ್ಲಿ ಬಡಿಸುತ್ತಿದ್ದಾರೆಂದು ಹುಡುಕುತ್ತ, ಕಂಬದ ಮರೆಯಿಂದ ಅರ್ಧ ಎದೆ ಇತ್ತ ಮಾಡಿ ನಿಂತಿದ್ದರು. ಎದುರು ಮುಖ, ಅರ್ಧ ಮೈ ಮರೆ, ಹಿಂದೆ ಹೆಂಗಸರ ಗುಂಪು. ಇವರನ್ನು ಹೊಡೆಯಬಾರದು ಎಂದು ಮನಸ್ಸಿನಲ್ಲೇ ತೀರ್ಪು ಬರೆದೆ. ಅವರು ನನ್ನ ನೋಟವನ್ನು ಏನೆಂದು ತಿಳಿದರೋ, ಹತ್ತಿರ ಬಂದು ತಮ್ಮ ಎರಡನೆಯ ಮಗಳು ಇನ್ನೂ ಓದುತ್ತಿದ್ದಾಳೆ, ಸದ್ಯಕ್ಕೆ ವಿಚಾರವಿಲ್ಲ ಎಂದು ಹೇಳಿ ಹೋದರು.

ನೀವು ನನ್ನನ್ನು ತಪ್ಪು ತಿಳಿಯಬಾರದು. ಈ ಜನ್ಮದಲ್ಲಿ ನಾನು ಕೊಯ್ದ ಅತಿ ದೊಡ್ಡ ಪದಾರ್ಥವೆಂದರೆ ಕುಂಬಳಕಾಯಿ, ಅದೂ ಹೆಂಡತಿ ಬೆರಳಿಟ್ಟು ತೋರಿಸಿದ ಜಾಗದಲ್ಲಿ. ಬೇಟೆ ನಮ್ಮ ದೇಶದಲ್ಲಿ ಅಪರಾಧ. ಜಿಂಕೆಯಂತೂ ನಮ್ಮ ತೆಲಂಗಾಣದ ರಾಜ್ಯಪ್ರಾಣಿ. ಅಂಥ ರಾಜ್ಯದಲ್ಲಿದ್ದುಕೊಂಡು, ಬಿಲ್ಲಿನಿಂದ ಜಿಂಕೆಗೆ ಯಾವಾಗ ಹೊಡೆಯುವುದು ಧರ್ಮ, ಯಾವಾಗ ಅಧರ್ಮ ಎಂದು ತೀರ್ಪು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಜಿಂಕೆ ರಬ್ಬರಿನದು. ತೀರ್ಪು ಮಾತ್ರ ಅಸಲಿ.

ಬಂದದ್ದು ಭುಜದ ದೆಸೆಯಿಂದ. ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಫೈಲುಗಳ ನಡುವೆ ಆಯುಷ್ಯ ಕಳೆದು ನಿವೃತ್ತನಾದ ಮರುತಿಂಗಳೇ ನನ್ನ ಬಲಭುಜ ಮರಗಟ್ಟಿತು. ಕೈ ಮೇಲೆತ್ತಲು ಬರುತ್ತಿರಲಿಲ್ಲ, ಅಂಗಿ ತೊಡಲು ಹೆಂಡತಿಯೇ ಬರಬೇಕು. ಡಾಕ್ಟರು ದಿನಾ ರಬ್ಬರ್ ಪಟ್ಟಿ ಎಳೆಯಿರಿ ಎಂದರು. ಕಿಟಕಿಯ ಸರಳಿಗೆ ಪಟ್ಟಿ ಕಟ್ಟಿ ಎಳೆಯುತ್ತ ಎದುರಿನ ಗೋಡೆ ನೋಡುವುದು ನನಗೆ ಮೂರು ದಿನಕ್ಕೇ ಬೇಸರ ಬಂತು. ಆಗ ನನ್ನ ಹೆಂಡತಿ ವಿಮಲಾ ತರಕಾರಿ ಅಂಗಡಿಯ ಗೋಡೆಯ ಮೇಲೆ ಒಂದು ಚೀಟಿ ನೋಡಿಕೊಂಡು ಬಂದಳು. ಕೂಕಟ್‌ಪಲ್ಲಿಯ ಆಚೆ ಎಲ್ಲ ವಯಸ್ಸಿನವರಿಗೂ ಬಿಲ್ಲುವಿದ್ಯೆ ಹೇಳಿಕೊಡುತ್ತಾರಂತೆ. ಎಳೆಯುವುದು ಎಳೆಯುತ್ತೀರಿ, ಬಾಣವಾದರೂ ಹೋಗಲಿ ಎಂಬುದು ಅವಳ ವಾದ.

ಬಿಲ್ಲು ಬಾಣ ನನಗೆ ತೀರ ಹೊಸದೇನೂ ಆಗಿರಲಿಲ್ಲ. ಹುಡುಗನಾಗಿದ್ದಾಗ ಸಂಕ್ರಾಂತಿಯ ಹರಿದ ಗಾಳಿಪಟದ ಬಿದಿರುಕಡ್ಡಿ ಬಗ್ಗಿಸಿ, ದಾರ ಕಟ್ಟಿ, ಕಸಬರಿಗೆ ಕಡ್ಡಿಗಳನ್ನು ಬಾಣ ಮಾಡಿಕೊಂಡು ಮಾಳಿಗೆ ಹತ್ತುತ್ತಿದ್ದೆ. ಅಲ್ಲಿ ನಮ್ಮ ಅಜ್ಜಿಯ ಸಂಡಿಗೆಗಳು ಹಳೆಯ ಧೋತರದ ಮೇಲೆ ಸಾಲಾಗಿ ಮಲಗಿರುತ್ತಿದ್ದವು. ಅರ್ಧ ಒಣಗಿದ ಸಂಡಿಗೆ ಬಾಣವನ್ನು ಹಿಡಿದುಕೊಳ್ಳುತ್ತದೆ, ಪೂರ್ತಿ ಒಣಗಿದ್ದು ಚೂರಾಗುತ್ತದೆ. ಹೀಗಾಗಿ ನಾನು ಹಸಿಯವಕ್ಕೇ ಗುರಿಯಿಡುತ್ತಿದ್ದೆ. ಒಂದು ದಿನ ಅಜ್ಜಿ ಹಿಡಿದಳು. ಹೊಡೆದದ್ದಕ್ಕೆ ಅವಳ ತಕರಾರಿರಲಿಲ್ಲ, ಹಸಿಯದಕ್ಕೆ ಯಾಕೆ ಹೊಡೆದೆ ಎಂದು ಕೇಳಿದಳು. ಒಣಗಿದ್ದು ಚೂರಾದರೆ ಚೂರೇ ಕರಿದು ತಿನ್ನಬಹುದು, ಹಸಿಯದು ಯಾರಿಗೂ ಇಲ್ಲದ ಹಾಗಾಯಿತಲ್ಲ ಎನ್ನುವುದು ಅವಳ ನ್ಯಾಯ. ಏನನ್ನಾದರೂ ಹೊಡೆಯುವ ಮುಂಚೆ ಯೋಚಿಸಬೇಕೆಂದು ನನಗೆ ಮೊದಲು ಹೇಳಿದವಳು ಅವಳೇ ಇರಬೇಕು.

ನಾನು ಯೋಚಿಸಿದ್ದು ಸ್ವಲ್ಪ ಹೆಚ್ಚೇ ಆಯಿತು. ಜನವರಿಯಲ್ಲಿ ನಾಂಪಲ್ಲಿಯ ವಸ್ತುಪ್ರದರ್ಶನಕ್ಕೆ ಅಪ್ಪ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಬಲೂನು ಹೊಡೆಯುವ ಮಳಿಗೆಯಲ್ಲಿ ನಾನು ಬಂದೂಕು ಹೆಗಲಿಗಾನಿಸಿ, ಎಡಗಣ್ಣು ಮುಚ್ಚಿ, ಕೆಂಪು ಬಲೂನೋ ಹಳದಿ ಬಲೂನೋ ಎಂದು ಎಷ್ಟು ಹೊತ್ತು ನಿಲ್ಲುತ್ತಿದ್ದೆನೆಂದರೆ, ಮಳಿಗೆಯವನು ಮೆಲ್ಲಗೆ ಬಂದೂಕು ಕಸಿದುಕೊಂಡು ಹಿಂದಿನವರಿಗೆ ಕೊಡುತ್ತಿದ್ದ. ನನ್ನ ಗುರಿ ಯಾವತ್ತೂ ತಪ್ಪಲಿಲ್ಲ, ಯಾಕೆಂದರೆ ನಾನು ಯಾವತ್ತೂ ಹೊಡೆಯಲಿಲ್ಲ. ಮುಂದೆ ಕಚೇರಿಯಲ್ಲೂ ಇದೇ ನಡೆಯಿತು. ನನ್ನ ಮೇಜಿಗೆ ಬಂದ ಯಾವ ಫೈಲಿನ ಮೇಲೂ ನಾನು ಅವಸರಪಟ್ಟು ಸಹಿ ಹಾಕಿದವನಲ್ಲ. ಕೆಲವು ಫೈಲುಗಳು ನನ್ನ ಮುಂದೆಯೇ ಮುಪ್ಪಾದವು.

ಬಿಲ್ಲಿನ ಮೈದಾನ ಇರುವುದು ಕೂಕಟ್‌ಪಲ್ಲಿಯ ಫ್ಲ್ಯಾಟುಗಳ ಸಾಲು ಮುಗಿದ ಮೇಲೆ, ಯಾರೂ ಇನ್ನೂ ಒಡೆಯದೆ ಉಳಿದ ಬಂಡೆಗಳ ನಡುವೆ. ಸುತ್ತ ಸೀತಾಫಲದ ಗಿಡಗಳು. ಕಲಿಸುವವರು ಯಾಕೂಬ್ ಸಾಹೇಬರು, ಎಪ್ಪತ್ತೈದು ದಾಟಿದ, ಬಿದಿರಿನಂತೆ ನೆಟ್ಟಗಿರುವ ಮನುಷ್ಯ. ಎಲ್ಲರೂ ಉಸ್ತಾದ್ ಎನ್ನುತ್ತಾರೆ. ಮೊದಲ ದಿನ ನಮ್ಮೊಂದಿಗೆ ದಖನಿ ಉರ್ದುವಿನಲ್ಲಿ ಮಾತಾಡಿದರು. ನೀರಿನ ಬಾಟಲಿ ಯಾರು ಮರೆತರು ಎಂದು ನಾವು ಗಂಡ ಹೆಂಡತಿ ಕನ್ನಡದಲ್ಲಿ ಜಗಳ ಶುರುಮಾಡಿದ ಮೇಲೆ, ಅವರು ಬೀದರಿನ ಚೊಕ್ಕ ಕನ್ನಡದಲ್ಲಿ ನಡುವೆ ಬಂದು ತಮ್ಮ ಬಾಟಲಿ ಕೊಟ್ಟರು. ಅವರೂ ನಮ್ಮ ಕನ್ನಡದ ಕಡೆಯವರೇ.

ನನ್ನ ವಿದ್ಯಾಭ್ಯಾಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವಾರದಲ್ಲಿ ನನ್ನ ಬಾಣಗಳು ಗುರಿಯೊಂದನ್ನು ಬಿಟ್ಟು ಮಿಕ್ಕ ಎಲ್ಲ ದಿಕ್ಕನ್ನೂ ನೋಡಿಬಂದವು. ವಿಮಲಾ ಬಂಡೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿರುತ್ತಿದ್ದಳು. ಒಂದು ದಿನ ಭುಜ ನೀವಿಕೊಳ್ಳಲೆಂದು ಬಿಲ್ಲನ್ನು ಅವಳ ಕೈಗೆ ಕೊಟ್ಟೆ. ಅವಳು ಸೆರಗು ಸಿಕ್ಕಿಸಿ, ಹೆದೆಯನ್ನು ಕೆನ್ನೆಯವರೆಗೆ ಎಳೆದು ಬಾಣ ಹೊಡೆದಳು. ಅದು ಹಳದಿ ವೃತ್ತದಲ್ಲಿ ಹೋಗಿ ನಾಟಿತು. ಮೂವತ್ತು ವರ್ಷ ಜೋಳದ ರೊಟ್ಟಿ ಬಡಿದ ಕೈ ಅದು. ಉಸ್ತಾದ್ ಹತ್ತಿರ ಬಂದು, ಮೊದಲು ಏನಾದರೂ ಆಡುತ್ತಿದ್ದಿರಾ ಎಂದು ಅವಳನ್ನು ಕೇಳಿದರು. ಗದಗಿನಲ್ಲಿ ಕಾಲೇಜಿಗೆ ಹೋಗುವಾಗ ಜಾವೆಲಿನ್ ಎಸೆಯುತ್ತಿದ್ದೆ, ಜಿಲ್ಲೆಗೆ ಎರಡನೆಯವಳಾಗಿದ್ದೆ ಎಂದಳು. ಈ ಸಂಗತಿಯನ್ನು ಉಸ್ತಾದರೂ ನಾನೂ ಒಟ್ಟಿಗೇ, ಮೊದಲ ಸಲ ಕೇಳಿದೆವು. ಮರುದಿನದಿಂದ ಬಟಾಣಿ ಸುಲಿಯುವ ಕೆಲಸ ನನ್ನದಾಯಿತು.

ಇನ್ನು ಜಿಂಕೆಯ ವಿಷಯ. ತಿಂಗಳಿಗೊಂದು ಭಾನುವಾರ ಅಲ್ಲಿ ‘ಜಿಂಕೆ ಸುತ್ತು’ ನಡೆಯುತ್ತದೆ. ಬಂಡೆಗಳ ನಡುವೆ, ಗಿಡಗಳ ಮರೆಯಲ್ಲಿ ಹತ್ತು ಕಡೆ ಉಸ್ತಾದ್ ರಬ್ಬರ್ ಜಿಂಕೆ ನಿಲ್ಲಿಸಿ ಗೋಣಿ ಹೊದಿಸುತ್ತಾರೆ. ಬಿಲ್ಲುಗಾರ ಗೂಟದ ಹತ್ತಿರ ನಿಂತ ಮೇಲೆ ಹಗ್ಗ ಎಳೆದು ಗೋಣಿ ಸರಿಸುತ್ತಾರೆ. ಅರ್ಧ ನಿಮಿಷದ ಸಮಯ. ಜಿಂಕೆಯ ಮುಂಗಾಲಿನ ಹಿಂದೆ, ಹೃದಯ ಇರುವ ಜಾಗದಲ್ಲಿ ಒಂದು ವೃತ್ತ ಕೊರೆದಿದೆ. ಆದರೆ ವೃತ್ತಕ್ಕೆ ಬಿದ್ದರೆ ಅಂಕ ಬಂದೇಬಿಡುವುದಿಲ್ಲ. ಜಿಂಕೆ ಪಕ್ಕೆ ತೋರಿಸಿ ನಿಂತಿದ್ದರೆ ಅಥವಾ ಆಚೆಗೆ ಸ್ವಲ್ಪ ಓರೆಯಾಗಿ ತಿರುಗಿದ್ದರೆ ಹೊಡೆಯಬಹುದು. ನಮ್ಮತ್ತ ಎದೆ ಮಾಡಿದ್ದರೆ, ಬೆನ್ನು ಕೊಟ್ಟಿದ್ದರೆ, ಹೊಟ್ಟೆಯ ಮೇಲೆ ಟೊಂಗೆ ಅಡ್ಡ ಬಂದಿದ್ದರೆ, ಹಿಂದೆ ಮರಿ ನಿಂತಿದ್ದರೆ ಹೊಡೆಯಬಾರದು. ಅಂಥ ಜಿಂಕೆಗೆ ಬಾಣ ಹೊಡೆದವನಿಗೆ, ಅದು ವೃತ್ತದ ನಟ್ಟನಡುವೆ ಬಿದ್ದರೂ ಸೊನ್ನೆ. ಬಿಲ್ಲು ಕೆಳಗಿಳಿಸಿ ‘ಬಿಟ್ಟೆ’ ಎಂದವನಿಗೆ ಪೂರ್ತಿ ಅಂಕ. ಮೊದಲ ವರ್ಷ ಸಾಫ್ಟ್‌ವೇರಿನ ಹುಡುಗರು ಇದರಲ್ಲಿ ಒಂದು ಕಿಂಡಿ ಕಂಡುಹಿಡಿದು, ಬಿಲ್ಲನ್ನೇ ಎತ್ತದೆ ಹತ್ತೂ ಜಿಂಕೆಗೆ ‘ಬಿಟ್ಟೆ’ ಎಂದು ಹೇಳಿ, ಏಳು ಜನ ಒಟ್ಟಿಗೆ ಮೊದಲ ಸ್ಥಾನಕ್ಕೆ ಬಂದಿದ್ದರಂತೆ. ಅಲ್ಲಿಂದ ಮುಂದೆ, ಹೊಡೆಯಬಹುದಾದ ಜಿಂಕೆಯನ್ನು ಬಿಟ್ಟರೂ ಸೊನ್ನೆ ಎಂದಾಯಿತು.

ಈ ನಿಯಮಗಳು ಯಾಕೆ ಎಂದು ಒಮ್ಮೆ ಕೇಳಿದೆ. ಉಸ್ತಾದ್ ಚಹಾ ಕುಡಿಯುತ್ತಿದ್ದರು. ಬೇಟೆಯ ಮೇಲೆ ಕಾಯ್ದೆ ಬರುವ ಮುಂಚಿನ ಕಾಲದಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಸೋದರಮಾವನ ಜೊತೆ ಬೀದರಿನ ಕಾಡಿಗೆ ಹೋಗಿದ್ದರಂತೆ. ಹೆಣ್ಣು ಜಿಂಕೆಯೊಂದು ಸಿಕ್ಕಿತು. ಆ ಬೆಳಿಗ್ಗೆ ಮಾವ ಅವರನ್ನು ಎಲ್ಲರ ಮುಂದೆ ಪುಕ್ಕಲ ಎಂದು ಹಂಗಿಸಿದ್ದ. ಆ ಉರಿಯಲ್ಲೇ ಹೊಡೆದ ಬಾಣ ಹೊಟ್ಟೆಗೆ ಬಿತ್ತು. ಸಂಜೆಯವರೆಗೆ ಹುಲ್ಲಿನ ಮೇಲಿನ ರಕ್ತದ ಹನಿ ನೋಡುತ್ತ ನಡೆದರು. ಒಂದು ಹಳ್ಳ ದಾಟಿದ ಮೇಲೆ ಹನಿಯೂ ಸಿಗಲಿಲ್ಲ, ಜಿಂಕೆಯೂ ಸಿಗಲಿಲ್ಲ.

“ಸತ್ತಿದ್ದು ನೋಡಿದ್ದರ ಮರೀತಿದ್ದೆನೋ ಏನೋ. ಆ ಜಿಂಕಿ ಇವತ್ತಿಗೂ ನನ್ನ ಮುಂದ ಓಡ್ಲಕತ್ತದ ನೋಡ್ರಿ” ಎಂದರು.

ಚಹಾ ಮುಗಿಸಿ ಲೋಟ ತೊಳೆದಿಟ್ಟರು. ಆಮೇಲೆ, ನಿಮಗೆ ಹೊಡೆಯಲು ಬರುವುದಿಲ್ಲ, ಆದರೆ ನೋಡಲು ಬರುತ್ತದೆ, ನೀವೇ ಜಡ್ಜ್ ಆಗಿರಿ ಎಂದು ಪ್ಯಾಡು ಪೆನ್ನು ಕೊಟ್ಟರು. ಹೊಡೆಯದೆ ಇರುವುದರಲ್ಲಿ ನನಗಿದ್ದ ಅನುಭವವನ್ನು ಗುರುತಿಸಿದವರು ಅವರೊಬ್ಬರೇ. ಗೋಣಿ ಸರಿದ ತಕ್ಷಣ ನಾನು ಬಿಲ್ಲುಗಾರನ ಹಿಂದೆ ನಿಂತು ಪ್ಯಾಡಿನ ಮೇಲೆ ‘ಹೊ’ ಅಥವಾ ‘ಬಿ’ ಎಂದು ಬರೆಯಬೇಕು. ಹೊಡೆಯಬಹುದು, ಬಿಡಬೇಕು, ಅಷ್ಟೆ. ಒಂದೇ ಷರತ್ತು: ಸುತ್ತು ಮುಗಿಯುವವರೆಗೆ ಜಡ್ಜ್ ಬಾಯಿ ತೆರೆಯಬಾರದು.

ಮನೆಯಲ್ಲಿ ನಮ್ಮ ಅಭ್ಯಾಸ ಜೋರಾಯಿತು. ಎಳೆ ಬದನೆಕಾಯಿಗೆ ನಾಲ್ಕು ಬೆಂಕಿಕಡ್ಡಿ ಚುಚ್ಚಿದರೆ ಸಾಕು, ಜಿಂಕೆ ತಯಾರು. ಊಟದ ಮೇಜಿನ ಮೇಲೆ ನಾನು ಅದನ್ನು ಹೀಗೆ ಹಾಗೆ ತಿರುಗಿಸಿಡುವುದು, ಅಡಿಗೆಮನೆಯ ಬಾಗಿಲಿಂದ ವಿಮಲಾ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊಡೆದೆ, ಬಿಟ್ಟೆ ಎಂದು ಹೇಳುವುದು. ಉಪ್ಪಿನ ಡಬ್ಬಿ ಅಡ್ಡವಿದ್ದರೆ ಅದು ಬಂಡೆ. ಒಮ್ಮೊಮ್ಮೆ ವಾದವಾಗುತ್ತಿತ್ತು. ಎಡಕ್ಕೆ ಇನ್ನೊಂದು ಚೂರು ತಿರುಗಿದ್ದರೆ ಹೊಡೆಯಬಹುದಿತ್ತು ಎಂದು ಅವಳು, ಈಗಿರುವ ಹಾಗೆ ಹೊಟ್ಟೆಗೆ ಬೀಳುತ್ತದೆ ಎಂದು ನಾನು. ಸಂಜೆ ಜಿಂಕೆಗಳೆಲ್ಲ ಎಣ್ಣೆಗಾಯಿಯಾಗುತ್ತಿದ್ದವು. ನಮ್ಮ ಮದುವೆಯಾದ ಮೇಲೆ ನಾವಿಬ್ಬರೂ ಇಷ್ಟು ಮಾತಾಡಿದ್ದು ಅದೇ ಮೊದಲೆಂದು ಕಾಣುತ್ತದೆ. ನನಗೆ ಭಾರಿ ಖುಷಿಯಾಗಿತ್ತು.

‘ಬಿಟ್ಟೆ’ ಎಂಬ ಮಾತಿನದೇ ಒಂದು ತಾಪತ್ರಯವಿತ್ತು. ಕನ್ನಡದಲ್ಲಿ ಬಾಣವನ್ನೂ ಬಿಡುತ್ತೇವೆ, ಜಿಂಕೆಯನ್ನೂ ಬಿಡುತ್ತೇವೆ. ದಖನಿಯ ‘ಛೋಡಾ’, ತೆಲುಗಿನ ‘ವದಿಲೇಶಾ’ ಕೂಡ ಹಾಗೆಯೇ. ಹೊಡೆದವನೂ ಅದನ್ನೇ ಅನ್ನುತ್ತಾನೆ, ಹೊಡೆಯದವನೂ ಅದನ್ನೇ ಅನ್ನುತ್ತಾನೆ. ಶುರುವಿನಲ್ಲಿ ಇದರಿಂದ ಜಗಳಗಳಾದದ್ದರಿಂದ, ಬಾಣ ಹೊಡೆಯುವವರು ಸುಮ್ಮನೆ ಹೊಡೆಯಬೇಕು, ಜಿಂಕೆಯನ್ನು ಬಿಡುವವರು ಮಾತ್ರ ಬಾಯಿಬಿಟ್ಟು ಹೇಳಬೇಕು ಎಂದು ಉಸ್ತಾದ್ ನಿಯಮ ಮಾಡಿದ್ದರು.

ಹೋದ ಚಳಿಗಾಲದಲ್ಲಿ ಮೈಸೂರಿನಲ್ಲಿ ಒಂದು ಸ್ಪರ್ಧೆಯಿದೆ ಎಂದು ಸುದ್ದಿ ಬಂತು. ನಮ್ಮ ಮೈದಾನದ ಪರವಾಗಿ ಒಬ್ಬರ ಹೆಸರು ಕಳಿಸುತ್ತಾರೆ, ಆ ತಿಂಗಳ ಜಿಂಕೆ ಸುತ್ತಿನಲ್ಲಿ ಗೆದ್ದವರದು. ಅಂದು ಮನೆಗೆ ಬಂದು ವಿಮಲಾ ಚಪ್ಪಲಿ ಬಿಡುತ್ತಲೇ, “ನನಗ ಮೈಸೂರಿಗೆ ಹೋಗಬೇಕು” ಎಂದಳು. ನಾನು ತಲೆಯೆತ್ತಿ ನೋಡಿದೆ. ನಮ್ಮ ಮನೆಯಲ್ಲಿ ಉಪ್ಪು ಬೇಕು, ಗ್ಯಾಸು ಬೇಕು, ನಿಮಗೆ ಗುಳಿಗೆ ಬೇಕು ಎಂಬ ಮಾತುಗಳನ್ನು ಅವಳ ಬಾಯಿಂದ ದಿನಾ ಕೇಳಿದ್ದೆ. ‘ನನಗ ಬೇಕು’ ಎಂದದ್ದು ಹೊಸದಾಗಿತ್ತು. ಆ ಇಪ್ಪತ್ತು ದಿನ ಅವಳು ಬೆಳಿಗ್ಗೆ ಐದಕ್ಕೆ ಎದ್ದು ಮಾಳಿಗೆಯ ಮೇಲೆ ಬಾಣವಿಲ್ಲದೆ ಬರಿ ಬಿಲ್ಲೆಳೆದು ಹಿಡಿದು ನಿಲ್ಲುವ ಅಭ್ಯಾಸ ಮಾಡಿದಳು. ಎರಡೇ ಮೆಟ್ಟಿಲು ಕೆಳಗೆ ಕೂತು ನಾನು ಎಣಿಸುತ್ತಿದ್ದೆ.

ಸುತ್ತಿನ ದಿನ ಒಂಬತ್ತು ಜಿಂಕೆ ಮುಗಿಯುವ ಹೊತ್ತಿಗೆ ಕಣದಲ್ಲಿ ಇಬ್ಬರೇ ಉಳಿದಿದ್ದರು. ಒಬ್ಬಳು ವಿಮಲಾ. ಇನ್ನೊಬ್ಬ ನಿಶಾಂತ್, ಮಂಗಳೂರಿನವನು, ಐಟಿ ಕೆಲಸದವನು, ಅವಳನ್ನು ಆಂಟಿ ಎನ್ನುತ್ತ ಅವಳ ಚಕ್ಕುಲಿ ತಿನ್ನುತ್ತ ಅವಳಿಗೇ ಪೈಪೋಟಿ ಕೊಡುವವನು. ವಿಮಲಾ ಅವನಿಗಿಂತ ಎರಡು ಅಂಕ ಮುಂದಿದ್ದಳು. ಹತ್ತನೆಯ ಜಿಂಕೆಗೆ ನಿಶಾಂತ್ ಮೊದಲು ಹೋದ, ವಿಮಲಾ ನಿಯಮದಂತೆ ಏನೂ ಕಾಣದ, ಕೇಳದ ಹಾಗೆ ಬಂಡೆಯಾಚೆ ಕಾಯುತ್ತಿದ್ದಳು. ಗೋಣಿ ಸರಿಯಿತು. ಜಿಂಕೆ ಎರಡು ಬಂಡೆಗಳ ಸಂದಿನಲ್ಲಿ ನಮ್ಮತ್ತಲೇ ಎದೆ ಮಾಡಿ, ಕತ್ತು ಮಾತ್ರ ಪಕ್ಕಕ್ಕೆ ತಿರುಗಿಸಿ ನಿಂತಿತ್ತು. ಕತ್ತು ನೋಡಿದವರಿಗೆ ಇಡೀ ಮೈ ತಿರುಗಿದೆ ಎನ್ನಿಸಬೇಕು, ಹಾಗೆ. ನಾನು ‘ಬಿ’ ಎಂದು ಬರೆದೆ. ನಿಶಾಂತ್ ನೋಡಿದ, ನೋಡಿದ, ಬಿಲ್ಲಿಳಿಸಿ ಬಿಟ್ಟೆ ಎಂದ. ಅವನಿಗೆ ಪೂರ್ತಿ ಅಂಕ.

ಇನ್ನು ವಿಮಲಾ ‘ಬಿಟ್ಟೆ’ ಎಂದರೆ ಸಾಕು, ಮೈಸೂರು ಅವಳದು. ಗೋಣಿ ಮತ್ತೆ ಸರಿಯಿತು. ಅವಳು ಬಿಲ್ಲೆತ್ತಿ ಹೆದೆ ಎಳೆದಳು. ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಎಳೆದವಳು ಎಳೆದೇ ನಿಂತಳು. ಆ ಕತ್ತನ್ನು ನಂಬಿಬಿಟ್ಟಳೇನೋ ಎನ್ನಿಸಿತು. ಬಾಯಿ ಮೀರಿ ಮಾತು ಹೊರಗೆ ಬಂತು.

“ಬಿಡು.”

ಬಾಣ ಹೋಯಿತು. ಎದುರು ನಿಂತ ಜಿಂಕೆಯ ಎದೆಯ ಪಕ್ಕಕ್ಕೆ, ಆ ಸಂದಿನಲ್ಲಿ ಇಷ್ಟೇ ಇಷ್ಟು ಕಾಣುತ್ತಿದ್ದ ವೃತ್ತದ ಅಂಚಿಗೆ ನಾಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಉಸ್ತಾದ್ ದೂರದಲ್ಲಿ ಹಗ್ಗದ ತುದಿಯಲ್ಲಿದ್ದರು, ಅವರಿಗೂ ಮಿಕ್ಕವರಿಗೂ ಏನೂ ಕೇಳಿಸಿರಲಿಲ್ಲ. ನಾನು ಅವಳ ಹೆಸರಿನ ಮುಂದೆ ಸೊನ್ನೆ ಬರೆದೆ.

ವಿಮಲಾ ನನ್ನ ಪಕ್ಕಕ್ಕೆ ಬಂದು ನಿಂತಳು. ತೋಳಿಗೆ ಕಟ್ಟಿದ್ದ ಚರ್ಮದ ಪಟ್ಟಿ ಬಿಚ್ಚುತ್ತ, ಬಹಳ ಸಣ್ಣ ದನಿಯಲ್ಲಿ ಕೇಳಿದಳು.

“ಬಿಡು ಅಂದ್ರೆಲ್ಲ ನೀವು?”

“ಜಿಂಕೀನ ಬಿಡು ಅಂದೆ.”

ಅವಳು ಪಟ್ಟಿಯ ಎರಡನೆಯ ಗುಂಡಿಯನ್ನೂ ಬಿಚ್ಚಿದಳು.

“ಮೂವತ್ತೊಂದು ವರ್ಷ ಆತು ನೀವು ಬಿಡು ಬಿಡು ಅನ್ನಾಕತ್ತು. ಅಂದಾಗೆಲ್ಲ ಬಿಟ್ಟೀನಿ. ಇವತ್ತ ಕೈಯಾಗ ಬಿಲ್ಲಿತ್ತಲ್ರಿ. ಇವತ್ತರೆ ಹೊಡಿ ಅಂದ್ರು ಅಂತ ತಿಳಕೊಂಡೆ.”

ಮದುವೆಯ ಮರುವರ್ಷ ಅವಳು ಬಿ.ಎಡ್. ಓದುತ್ತೇನೆ ಎಂದಾಗ ನಾನು ಈಗ್ಯಾಕೆ ಬಿಡು ಎಂದಿದ್ದೆ. ಶಾಲೆಯೊಂದರಲ್ಲಿ ಆಟ ಕಲಿಸಲು ಕರೆದಿದ್ದಾರೆ ಎಂದಾಗ ಬಿಸಿಲಿನಲ್ಲಿ ಯಾಕೆ ಬಿಡು ಎಂದಿದ್ದೆ. ತಂಗಿಯರ ಜೊತೆ ಊರೂರು ತಿರುಗಿ ಬರುತ್ತೇನೆ ಎಂದಾಗ ಮುಂದೆ ನಾವೇ ಹೋಗೋಣ ಬಿಡು ಎಂದಿದ್ದೆ. ಒಂದು ಸಲವೂ ಗದರಿದವನಲ್ಲ, ಬೇಡ ಎಂದವನೂ ಅಲ್ಲ. ಮೆತ್ತಗೆ, ಪ್ರೀತಿಯಿಂದಲೇ ಅಂದಿದ್ದೆ. ನಾನು ಒಳ್ಳೆಯ ಗಂಡ ಎಂದುಕೊಂಡೇ ಅಷ್ಟು ವರ್ಷ ಕಳೆದಿದ್ದೆ. ಬಂಡೆಗಳ ನಡುವೆ ಪ್ಯಾಡು ಹಿಡಿದು ನಿಂತು ನನಗೆ ಬಹಳ ನಾಚಿಕೆಯಾಯಿತು.

ಸೊನ್ನೆ ಬರೆದು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿಯಮದ ಪ್ರಕಾರ ಸೊನ್ನೆಯೂ ಸರಿಯೇ. ಆದರೆ ಉಸ್ತಾದರ ಹತ್ತಿರ ಹೋಗಿ, ನಾನು ಬಾಯಿ ತೆರೆದೆ, ಅವಳು ಬೇರೆಯದೇ ತಿಳಿದಳು ಎಂದು ಹೇಳಿಬಿಟ್ಟೆ. ಅವರು ಕೈ ಚಾಚಿ ಪ್ಯಾಡು ತೆಗೆದುಕೊಂಡರು, ನನ್ನ ಜೇಬಿನಿಂದ ಪೆನ್ನನ್ನೂ ತೆಗೆದುಕೊಂಡರು. ಬಾಯಿ ಬಿಟ್ಟ ಜಡ್ಜ್ ಜಡ್ಜ್ ಅಲ್ಲ, ಹೋಗಿ ಬಂಡೆಯ ಮೇಲೆ ಕೂತುಕೊಳ್ಳಿ ಎಂದರು. ಆ ಹೊಡೆತ ಲೆಕ್ಕಕ್ಕಿಲ್ಲ, ಬೇರೆ ಜಿಂಕೆ ನಿಲ್ಲಿಸುತ್ತೇನೆ ಎಂದು ಸಾರಿದರು. ಆಂಟಿ ಇನ್ನೊಮ್ಮೆ ಹೊಡೆಯಲಿ ಮಾರಾಯ್ರೆ, ನನ್ನದೇನೂ ಅಡ್ಡಿಯಿಲ್ಲ ಎಂದು ನಿಶಾಂತ್ ಚಕ್ಕುಲಿ ಡಬ್ಬಿ ಮುಚ್ಚಿಟ್ಟ.

ಹನ್ನೊಂದನೆಯ ಜಿಂಕೆ. ಹಗ್ಗವನ್ನು ಬೇರೆಯವರ ಕೈಗೆ ಕೊಟ್ಟು ಉಸ್ತಾದರೇ ವಿಮಲಾಳ ಹಿಂದೆ ನಿಂತರು. ಗೋಣಿ ಸರಿದಾಗ ನಾನು ಕೂತಲ್ಲಿಂದಲೇ ನೋಡಿದೆ. ಬಯಲಿನಲ್ಲಿ ನಿಂತಿದೆ, ಪೂರಾ ಪಕ್ಕೆ ಇತ್ತ, ಮುಂಗಾಲು ಮುಂದೆ, ಟೊಂಗೆಯಿಲ್ಲ, ಮರಿಯಿಲ್ಲ. ಬದನೆಕಾಯಿಯಲ್ಲಿ ಅವಳು ನೂರು ಸಲ ಹೊಡೆದ ಜಿಂಕೆ. ಅವಳು ಹೆದೆ ಎಳೆದಳು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಮೊದಲ ಸಲ ನನ್ನ ಕಣ್ಣು ಜಿಂಕೆಯನ್ನು ಬಿಟ್ಟು ಅವಳ ಮುಖಕ್ಕೆ ಹೋಯಿತು. ಬಂಡೆಯಿಂದ ಅದು ಕಾಣುತ್ತಿತ್ತು. ಎಂದಿನಂತೆ ಕೆನ್ನೆಗೆ ನಿಲ್ಲದೆ ಹೆದೆ ಕಿವಿಯವರೆಗೆ ಬಂದಿತ್ತು. ಹತ್ತು ಎಣಿಸುವಷ್ಟು ಹೊತ್ತು ಹಾಗೇ ಇದ್ದು, ನಿಧಾನವಾಗಿ ಬಿಲ್ಲು ಇಳಿಸಿದಳು.

“ಬಿಟ್ಟೆ.”

“ತಂಗಿ, ಜಿಂಕಿ ಸರೀ ನಿಂತದಲ್ಲ” ಎಂದರು ಉಸ್ತಾದ್.

“ಜಿಂಕಿ ಸರಿ ಐತ್ರಿ. ನನ್ನ ಕೈಯಾಗ ಸಿಟ್ಟೈತಿ. ಸಿಟ್ಟು ಯಾರ ಮ್ಯಾಲೋ, ಬಾಣ ಜಿಂಕಿಗ್ಯಾಕ್ರಿ?”

ಮೈದಾನದಲ್ಲಿದ್ದ ಎಲ್ಲರ ಕಣ್ಣೂ ಬಂಡೆಯ ಕಡೆ ತಿರುಗಿದವು. ನಾನು ಪೂರಾ ಪಕ್ಕೆ ತೋರಿಸಿ ಕೂತಿದ್ದೆ. ನಡುವೆ ಟೊಂಗೆಯೂ ಇರಲಿಲ್ಲ.

ಉಸ್ತಾದ್ ಪ್ಯಾಡಿನ ಮೇಲೆ ಪೆನ್ನಿಟ್ಟರು. ಜಿಂಕೆ ಹೇಗೆ ನಿಂತಿರಬೇಕು ಎಂದು ಅವರ ನಿಯಮಗಳಲ್ಲಿ ಎಲ್ಲವೂ ಇತ್ತು. ಬಿಲ್ಲು ಹಿಡಿದವರು ಹೇಗಿರಬೇಕು ಎಂದು ಒಂದು ಸಾಲೂ ಇರಲಿಲ್ಲ. ಕೊನೆಗೆ ಸೊನ್ನೆ ಬರೆದರು.

“ಲೆಕ್ಕದಾಗ ಇದು ಸೊನ್ನೀನೇ ತಂಗಿ. ಖರೆ ಅವತ್ತು ನನಗ ಈ ಸೊನ್ನಿ ಬಂದಿದ್ದರ ಆ ಜಿಂಕಿ ಉಳೀತಿತ್ತು.”

ನಿಶಾಂತನ ಹೆಸರು ಮೈಸೂರಿಗೆ ಹೋಯಿತು. ಅವನು ಬಂದು ವಿಮಲಾಳ ಕಾಲು ಮುಟ್ಟಿದ, ಉಳಿದ ಚಕ್ಕುಲಿಯನ್ನೂ ಕಟ್ಟಿಸಿಕೊಂಡ. ಹೊರಡುವಾಗ ಉಸ್ತಾದ್ ಅವಳಿಗೆ ಇನ್ನೊಂದು ಮಾತು ಹೇಳಿದರು. ಮೈದಾನದ ಪರವಾಗಿ ಒಬ್ಬರೇ, ಆದರೆ ಇಷ್ಟವಿದ್ದವರು ತಾವೇ ನೇರವಾಗಿ ಹೆಸರು ಕೊಟ್ಟು ಸ್ಪರ್ಧಿಸಬಹುದು, ಇನ್ನೂ ವಾರ ಸಮಯವಿದೆ. ಅವಳು ತಲೆಯಾಡಿಸಿದಳು. ಕೂಕಟ್‌ಪಲ್ಲಿಯಿಂದ ಕಾಚಿಗೂಡದವರೆಗೆ ಸ್ಕೂಟರ್ ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ನಾನು ಏನೋ ಹೇಳಲು ಹೋಗುತ್ತಿದ್ದೆ, ಹಸಿರು ದೀಪ ಬಂದುಬಿಡುತ್ತಿತ್ತು.

ಮನೆಗೆ ಬಂದು ಮುಖ ತೊಳೆದು, ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಹೇಳಿದಳು.

“ನಾ ಮೈಸೂರಿಗೆ ಹೆಸರು ಕೊಡ್ತೀನಿ.”

“ಹೋಗೂಣು” ಎಂದೆ ನಾನು ಉತ್ಸಾಹದಿಂದ. ಜೊತೆಗೆ ಹೋದರೆ ಅರಮನೆಯನ್ನೂ ತೋರಿಸಬಹುದು ಎಂದು ಲೆಕ್ಕ ಹಾಕಿಯೂ ಆಗಿತ್ತು.

“ಹೋಗೂಣಲ್ಲ. ನಾ ಹೋಗ್ತೀನಿ.”

ಸಿಟ್ಟಿನಿಂದ ಅಂದದ್ದಲ್ಲ. ಅಡಿಗೆಮನೆಗೆ ಹೋಗಿ ನನಗೂ ಸೇರಿಸಿ ಚಹಾಕ್ಕೆ ನೀರಿಟ್ಟಳು.

ಮರುದಿನ ಕಾಚಿಗೂಡ ಸ್ಟೇಷನ್ನಿಗೆ ಹೋಗಿ ರಿಸರ್ವೇಶನ್ ಫಾರ್ಮ್ ತೆಗೆದುಕೊಂಡೆ. ಈ ಮೂವತ್ತೊಂದು ವರ್ಷದಲ್ಲಿ ಆ ಫಾರ್ಮನ್ನು ಎಷ್ಟೋ ಸಲ ತುಂಬಿದ್ದೇನೆ. ಮೊದಲ ಸಾಲಿನಲ್ಲಿ ನನ್ನ ಹೆಸರು, ಎರಡನೆಯದರಲ್ಲಿ ಅವಳದು, ಕೈ ತಾನಾಗಿಯೇ ಬರೆದುಕೊಂಡು ಹೋಗುತ್ತದೆ. ಅಂದು ಪೆನ್ನು ಹಿಡಿದು ಬಹಳ ಹೊತ್ತು ನಿಂತೆ. ಹಿಂದಿದ್ದವರು ಬೇಗ ಬೇಗ ಎಂದು ತೆಲುಗಿನಲ್ಲಿ ಗೊಣಗಿದರು. ಮೊದಲ ಸಾಲಿನಲ್ಲಿ ವಿಮಲಾ ಎಂದು ಬರೆದೆ, ಪಕ್ಕದಲ್ಲಿ ಅವಳ ವಯಸ್ಸು ಬರೆದೆ. ಎರಡನೆಯ ಸಾಲು ಬಿಟ್ಟೆ.